ಅತ್ತೆಯ ಮುಷ್ಟಿ

ನನ್ನ ತಮ್ಮನ ಬೆರಳುಗಳು ಒಮ್ಮೆ ಮುಚ್ಚಿಕೊಂಡರೆ ಬೇಗ ಬಿಚ್ಚಿಕೊಳ್ಳುತ್ತಿರಲಿಲ್ಲ. ನಾವು ಅದನ್ನು ಮೊದಲು ಗಮನಿಸಿದ್ದು ದೌಂಡ ಸ್ಟೇಷನ್ನಿನಲ್ಲಿ. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ. ವಿಜಯಪುರದ ಕಡೆಯ ನಾವು ಅಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಒಂದು ಚಳಿಗಾಲದ ಬೆಳಿಗ್ಗೆ ಪುಣೆಯಿಂದ ಬಂದ ಪ್ಯಾಸೆಂಜರಿನಿಂದ ಇಳಿಯುವಾಗ ತಮ್ಮ ಬಾಗಿಲ ಪಕ್ಕದ ಸರಳು ಹಿಡಿದವನು ಹಿಡಿದೇ ನಿಂತುಬಿಟ್ಟ. ಹಿಂದಿದ್ದ ಜನ "ಅರೇ ಸೋಡ್ ನಾ, ಸೋಡ್!" ಎಂದು ಕೂಗಿದರು. ಆಗ ಅವನಿಗೆ ಹದಿಮೂರೋ ಹದಿನಾಲ್ಕೋ.

"ಬಿಡಾಕ ಬರವಲ್ದು ಅಕ್ಕಾ," ಎಂದ.

ನಾನು ಪ್ಲಾಟ್‌ಫಾರ್ಮಿನಿಂದ ಮತ್ತೆ ಮೇಲೆ ಹತ್ತಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಜನ ನಗುತ್ತಿದ್ದರು. ತಮ್ಮನೂ ನಕ್ಕ. ಅವನು ಯಾವಾಗಲೂ ಹಾಗೆ, ತನ್ನನ್ನು ನೋಡಿ ನಗುವವರ ಜೊತೆ ಸೇರಿಕೊಂಡುಬಿಡುತ್ತಿದ್ದ. ಆ ಗುಣ ನನಗೆ ಬರಲಿಲ್ಲ.

ಅಪ್ಪನ ಅಕ್ಕ, ನಮ್ಮ ಅತ್ತೆ, ಚಿಂಚವಾಡದಲ್ಲಿದ್ದಳು. ಮಾವನಿಗೆ ಕಾರ್ಖಾನೆಯಲ್ಲಿ ಕೆಲಸ, ಕಾಲೊನಿಯಲ್ಲಿ ಸ್ವಂತ ಮನೆ, ಒಬ್ಬನೇ ಮಗ; ಅವನನ್ನು ನಾವು ದಾದಾ ಎನ್ನುತ್ತಿದ್ದೆವು. ಎದುರಿಗೆ ನಾನು ಅವಳನ್ನು "ಅತ್ತೀ, ಬರ್ರಿ, ಕೂಡ್ರಿ" ಎಂದೇ ಮಾತಾಡಿಸುತ್ತಿದ್ದೆ. ಇಲ್ಲಿ ಬರೆಯುವಾಗ ಅವಳಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ತಮ್ಮನ ಕೈಯ ಸುದ್ದಿ ಕೇಳಿ ದೌಂಡಕ್ಕೆ ಬಂದವಳು ಅವನನ್ನು ಎದುರಿಗೆ ನಿಲ್ಲಿಸಿ ಮೇಲೆ ಕೆಳಗೆ ನೋಡಿದಳು. ಅವನ ರೆಪ್ಪೆಗಳು ಆಗಲೇ ಅರ್ಧ ಇಳಿಬಿದ್ದಿದ್ದವು. ಮುಖ ಬಡಕಲಾಗಿತ್ತು. ಮಾತು ಸ್ವಲ್ಪ ಮೂಗಿನಿಂದ ಬರುತ್ತಿತ್ತು.

"ನಮ್ಮ ಮನಿತನದಾಗ ಇಂಥಾದ್ದು ಯಾರಿಗೂ ಇಲ್ಲ," ಎಂದು ಅವ್ವನ ಕಡೆ ತಿರುಗಿದಳು. "ಇದು ನಿನ್ನ ತವರಿಂದ ಬಂದದ್ದು. ಖಂಡೋಬಾಗ ನಿಮ್ಮವರು ಏನೋ ಹರಕಿ ತಪ್ಪಿಸ್ಯಾರ. ನೀನ ತೀರಿಸಬೇಕು."

ಅಕ್ಕನ ಮಾತಿಗೆ ಅಪ್ಪ ಎದುರು ಹೇಳಿದ್ದನ್ನು ನಾನು ಕಂಡೇ ಇಲ್ಲ.

ಹಾಗಾಗಿ ನಾವೆಲ್ಲ ಖಂಡೋಬಾನ ಬೆಟ್ಟವಿರುವ ಜೇಜುರಿಗೆ ಹೋದೆವು. ಅವ್ವ ಆ ಬೆಟ್ಟದ ಮೆಟ್ಟಿಲುಗಳನ್ನು ಮೊಣಕಾಲ ಮೇಲೆ ಹತ್ತಿದಳು. ಮೇಲಿನಿಂದ ಇಳಿಯುವ ಭಕ್ತರು ಎರಚಿದ ಭಂಡಾರದ ಅರಿಶಿನ ಅವಳ ತಲೆ, ಹೆಗಲು, ಸೀರೆಗೆಲ್ಲ ಮೆತ್ತಿಕೊಂಡಿತ್ತು. ಮೊಣಕಾಲ ಹತ್ತಿರ ಮಾತ್ರ ಸೀರೆ ಬೇರೆ ಬಣ್ಣಕ್ಕೆ ತಿರುಗಿತ್ತು. ಅತ್ತೆ ನಮಗಿಂತ ಮುಂದೆ ನಡೆದು, ನೆರಳು ಸಿಕ್ಕ ಕಡೆ ನಿಂತು, ಅವ್ವ ಬರುವುದನ್ನು ಕಾಯುತ್ತಿದ್ದಳು. "ನಿಂದರಬ್ಯಾಡ, ನಿಂತ್ರ ಫಲ ಇಲ್ಲ," ಎನ್ನುತ್ತಿದ್ದಳು. ದೇವರ ಬಗ್ಗೆ ನನಗೆ ಸಿಟ್ಟಿಲ್ಲ. ಅವನು ಅವ್ವನಿಗೆ ಏನೂ ಹೇಳಿರಲಿಲ್ಲ. ಆದರೆ ಆ ನೆರಳಿನಲ್ಲಿ ನಿಂತಿದ್ದ ಹೆಂಗಸನ್ನು ನಾನು ಅಂದೇ ಗುರುತು ಹಾಕಿಟ್ಟುಕೊಂಡೆ.

ಅಪ್ಪನಿಗೆ ನಲವತ್ತು ದಾಟುತ್ತಲೇ ಎರಡೂ ಕಣ್ಣಿಗೆ ಪೊರೆ ಬಂತು. ಅವನನ್ನು ಗಾಡಿಯಿಂದ ಇಳಿಸಿ ಪಾರ್ಸೆಲ್ ಆಫೀಸಿಗೆ ಹಾಕಿದರು. ಅತ್ತೆಗೂ ಅದೇ ವಯಸ್ಸಿನಲ್ಲಿ ಪೊರೆಯ ಆಪರೇಷನ್ ಆಗಿತ್ತು. "ನಮ್ಮ ಮನಿತನದಾಗ ಕಣ್ಣು ಲಗೂ ದಣೀತಾವ," ಎಂದು ಅವಳು ಏನೋ ದೊಡ್ಡಸ್ತಿಕೆಯಂತೆ ಹೇಳಿಕೊಳ್ಳುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅಪ್ಪ ಆ ಪಾರ್ಸೆಲ್ ಆಫೀಸಿನಲ್ಲೇ ಕೂತಲ್ಲಿ ಕುಸಿದು ಸತ್ತ. ಹಾರ್ಟ್ ಅಟ್ಯಾಕ್ ಎಂದರು. ಮಗನ ಚಿಂತೆಯೇ ಅವನನ್ನು ತಿಂದಿತು ಎಂದಳು ಅತ್ತೆ. ಆ ಮಗನನ್ನು ಹೆತ್ತವಳು ಯಾರು ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತಲ್ಲ.

ತಮ್ಮ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಕೆಲಸಕ್ಕೆ ಸೇರಿದ್ದ. ರೆಪ್ಪೆ ಇಳಿಬಿದ್ದ ಕಣ್ಣು ಮತ್ತು ತೊದಲುವ ಮಾತು ನೋಡಿ, ಬೆಳಿಗ್ಗೆಯೇ ಕುಡಿದು ಬರುತ್ತಾನೆಂದು ತೆಗೆದುಹಾಕಿದರು. ಅವನು ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಅಷ್ಟರಲ್ಲಿ ನಾನು ಓದು ಮುಗಿಸಿ ಪುಣೆಯ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಪ್ರೋಟೀನುಗಳನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಅವುಗಳ ಆಕಾರ ಕಂಡುಹಿಡಿಯುವುದು ನನ್ನ ಕಸುಬು. ಅವ್ವನನ್ನೂ ತಮ್ಮನನ್ನೂ ನನ್ನ ಮನೆಗೆ ಕರೆದುಕೊಂಡೆ.

ಅಲ್ಲಿಗೇ ಒಂದು ಸಂಬಂಧ ಬಂತು. ಹುಡುಗಿ ಸೊಲ್ಲಾಪುರದವಳು, ಒಳ್ಳೆಯ ನಗುಮುಖದವಳು. ತಮ್ಮ ಅವಳ ಫೋಟೊವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ನೋಡಲು ಬಂದ ದಿನ ಹುಡುಗಿಯ ಅಪ್ಪ ಅವನ ಕೈ ಕುಲುಕಿದರು, ತಮ್ಮ ಖುಷಿಯಲ್ಲಿ ಗಟ್ಟಿಯಾಗಿ ಹಿಡಿದ. ಬಿಡಲು ಆಗಲಿಲ್ಲ. ಅವರು ಮೊದಲು ನಕ್ಕರು, ಆಮೇಲೆ ಕೈ ಎಳೆದುಕೊಂಡರು. ತಮ್ಮನ ಬೆರಳುಗಳು ಅವರ ಹಿಂದೆಯೇ ಹೋದಂತೆ ನಿಧಾನವಾಗಿ ಬಿಚ್ಚಿಕೊಂಡವು. ಅಷ್ಟಾದರೂ ಅವರು ಒಳ್ಳೆಯ ಜನ, ಏನೋ ನರದ ದೌರ್ಬಲ್ಯ ಇದ್ದೀತು, ಡಾಕ್ಟರಿಗೆ ತೋರಿಸೋಣ ಎನ್ನುತ್ತಿದ್ದರು. ಹುಡುಗಿಯ ತಾಯಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಾತು ಮುರಿದವಳು ಅತ್ತೆ. ನಾನು ಬಾಗಿಲ ಹೊರಗೇ ನಿಂತಿದ್ದೆ.

"ಹುಡುಗನ ತಾಯಿ ಕಡಿ ಶಾಪ ಅದ್ರಿ. ನಮ್ಮ ತಮ್ಮ ಅದರಾಗ ಹೋದ. ನಿಮ್ಮ ಹೆಣ್ಣುಮಗಳ ಸಲುವಾಗಿ ಹೇಳಾಕತ್ತೀನಿ."

ಅವರು ಚಹಾ ಕುಡಿಯದೆ ಎದ್ದು ಹೋದರು. ತಮ್ಮ ಫೋಟೊವನ್ನು ವಾಪಸು ಕೊಡಲು ಬಾಗಿಲವರೆಗೂ ಓಡಿದ.

ಆಮೇಲೆ ನಾನೇ ಅವನನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ಮರಾಠಿ ಹೆಂಗಸು. ತಮ್ಮನಿಗೆ ತನ್ನ ಎರಡು ಬೆರಳು ಕೊಟ್ಟು, ಗಟ್ಟಿಯಾಗಿ ಹಿಡಿ ಎಂದರು, ಬಿಡು ಎಂದರು. ಹೆಬ್ಬೆರಳಿನ ಬುಡಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಹೆಬ್ಬೆರಳು ಒಳಕ್ಕೆ ಮಡಿಸಿಕೊಂಡು ಅಲ್ಲೇ ಉಳಿಯಿತು. ಅಪ್ಪ ಹೇಗೆ ಸತ್ತರು, ಕಣ್ಣಿಗೆ ಪೊರೆ ಯಾವಾಗ ಬಂತು, ಅಪ್ಪನ ಕಡೆ ಬೇರೆ ಯಾರಿಗಾದರೂ ಬೇಗ ಪೊರೆ ಬಂದಿತ್ತೇ ಎಂದು ಕೇಳಿದರು. ಜೊತೆಗೆ ಬಂದಿದ್ದ ಅವ್ವನದೂ ಸೇರಿ ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಬಿಗಿದ ಸ್ನಾಯು ಬೇಗ ಸಡಿಲವಾಗದ, ಹೃದಯಕ್ಕೂ ತಾಗುವ, ವಂಶದಲ್ಲಿ ಇಳಿದುಬರುವ ಕಾಯಿಲೆ ತಮ್ಮನಿಗೆ ಇತ್ತು. ನನಗೆ ಇರಲಿಲ್ಲ. ಅವ್ವನಿಗೂ ಇರಲಿಲ್ಲ.

"ಇದು ತಂದೆಯಿಂದ ಬಂದದ್ದು," ಎಂದರು ಡಾಕ್ಟರು. "ತಂದೆಯ ಅಕ್ಕನಿಗೂ ಇರಬಹುದು, ಅವರ ಮಗನಿಗೂ. ಮೇಲಿನ ತಲೆಮಾರಿನಲ್ಲಿ ಮೊದಲು ಕಣ್ಣಿನ ಪೊರೆಯಾಗಿ ಕಾಣಿಸಿಕೊಳ್ಳುತ್ತದೆ. ಕೆಳಗಿಳಿದಂತೆ ಜೋರಾಗುತ್ತದೆ. ಅವರೆಲ್ಲ ಹೃದಯ ತೋರಿಸಿಕೊಳ್ಳಬೇಕು, ತಡಮಾಡಬಾರದು."

ಅವ್ವನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಆದರೂ ನನ್ನನ್ನು ಕೇಳಿದಳು, "ಏನಂದ್ರು? ನಂದಲ್ಲ ಅಂದ್ರೇನು?"

"ನಿಂದಲ್ಲ ಅವ್ವಾ."

ಆಟೋದಲ್ಲಿ ಅವಳು ಮನೆಯವರೆಗೂ ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

ಅದೇ ಸಂಜೆ ನಾನು ಅತ್ತೆಗೆ ಫೋನ್ ಮಾಡಿದೆ. ನನ್ನ ಕರ್ತವ್ಯವೆಂದು ತಿಳಿದು, ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದೆ. "ಅತ್ತೀ, ಇದು ಅಪ್ಪನ ಕಡಿಂದ ಬಂದದ ಅಂತ ಡಾಕ್ಟರು ಹೇಳ್ಯಾರ. ನೀವೂ ಒಮ್ಮೆ ತೋರಿಸ್ಕೋರಿ. ದಾದಾಗೂ ತೋರಿಸ್ರಿ. ಹೃದಯಕ್ಕ ಅಪಾಯ ಅದ."

"ನಿಮ್ಮಪ್ಪ ಸತ್ತಾನ, ತಿರುಗಿ ಮಾತಾಡೂದಿಲ್ಲ ಅಂತ ಅವನ ಮ್ಯಾಲ ಹಾಕ್ತಿಯೇನು?" ಎಂದಳು. "ನಾಕ ಅಕ್ಷರ ಕಲ್ತಿ ಅಂತ ನಮ್ಮ ರಕ್ತಕ್ಕ ಹೆಸರಿಡಬ್ಯಾಡ." ಫೋನ್ ಇಟ್ಟಳು. ಮಗನಿಗೆ ಹೇಳಲಿಲ್ಲ. ಮತ್ತೆ ಮಾಡುತ್ತೇನೆಂದು ನಾನು ಎದ್ದಾಗ ತಮ್ಮ ತಡೆದ. "ಬಿಡಕ್ಕಾ. ವಯಸ್ಸಾಗ್ಯದ ಅವರಿಗೆ. ಅಂಜತಾರ." ಅವನು ಹಾಗೆಂದದ್ದಕ್ಕೆ ಬಿಟ್ಟೆ.

ಎರಡು ಮಳೆಗಾಲ ಕಳೆದವು. ತಮ್ಮನ ಹೃದಯದ ಬಡಿತ ತಪ್ಪತೊಡಗಿ, ಅದನ್ನು ಸರಿಯಾಗಿಡುವ ಪೇಸ್‌ಮೇಕರ್ ಹಾಕಿಸಬೇಕೆಂದು ಡಾಕ್ಟರು ಹೇಳಿದ್ದರು. ಪರೀಕ್ಷೆಗಳು ನಡೆಯುತ್ತಿದ್ದವು, ದಿನ ಗೊತ್ತಾಗುವುದಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು ಅವ್ವನ ಜೊತೆ ಮಾತಾಡುತ್ತಿದ್ದವನು ಮಾತು ನಿಲ್ಲಿಸಿದ. ನಿದ್ದೆ ಬಂತೆಂದುಕೊಂಡು ಅವ್ವ ಎದ್ದು ಅವನಿಗೆ ಹೊದಿಕೆ ತಂದಳು.

ತಮ್ಮನ ಕಾರ್ಯಗಳೆಲ್ಲ ಮುಗಿದು ಲ್ಯಾಬಿಗೆ ಮರಳಿದ ದಿನ ನಾನು ಹಿಡಿದಿದ್ದ ಕೆಲಸವನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದೆ. ನನಗೆ ಒಂದೇ ಒಂದು ವಸ್ತುವಿನ ಮುಖ ನೋಡಬೇಕಿತ್ತು. ಆ ಕಾಯಿಲೆಯವರ ಒಂದು ಜೀನಿನಲ್ಲಿ ಮೂರೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಅದರ ನಕಲಾಗಿ ಹುಟ್ಟುವ ಆರ್‌ಎನ್‌ಎಯಲ್ಲಿ ಅವು ಸಿ, ಯು, ಜಿ. ಎಲ್ಲರಲ್ಲೂ ಇವು ಕೆಲವು ಸಲ ಇರುತ್ತವೆ, ತೊಂದರೆಯಿಲ್ಲ. ಈ ಮನೆತನಗಳಲ್ಲಿ ಮಾತ್ರ ಅದು ತಲೆಮಾರಿನಿಂದ ತಲೆಮಾರಿಗೆ ಉದ್ದವಾಗುತ್ತ ಹೋಗುತ್ತದೆ. ಉದ್ದವಾದ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಿಸಿಕೊಂಡು, ಜೀವಕೋಶದ ನಡುವೆ ಕೂತು, ಸ್ನಾಯುವಿಗೆ ಬೇಕಾದ ಒಂದು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಪ್ರೋಟೀನು ತನ್ನ ಕೆಲಸಕ್ಕೆ ಹೋಗಲಾರದು. ಅದು ಹೋಗದಿದ್ದರೆ ಮುಚ್ಚಿದ ಕೈ ಬಿಚ್ಚದು, ಹೃದಯದ ಬಡಿತಕ್ಕೆ ದಾರಿ ಸಿಗದು.

ಹೊರದೇಶದವರು ಅದರ ರಚನೆಯನ್ನು ನನಗಿಂತ ಮೊದಲೇ ಕಂಡು ಪ್ರಕಟಿಸಿದ್ದರು. ನಾನು ಓದಿದ್ದೆ. ಅದರಿಂದ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಅದು ನನ್ನ ಕೈಯಲ್ಲೇ ಹರಳಾಗಬೇಕಿತ್ತು.

ಆರ್‌ಎನ್‌ಎ ನಾಜೂಕು ವಸ್ತು. ಬರಿಗೈ ತಾಕಿದರೆ ಸಾಕು, ನಮ್ಮ ಚರ್ಮದ ಮೇಲಿರುವ ಕಿಣ್ವ ಅದನ್ನು ತಿಂದುಹಾಕುತ್ತದೆ. ಮೇಜು ಒರೆಸಿ, ಕೈಗವಸು ಬದಲಿಸಿ, ಉಸಿರು ಬಿಗಿಹಿಡಿದು ಕೆಲಸ ಮಾಡುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಪ್ರಯೋಗಾಲಯದಲ್ಲಿ ಒಂದು ಬೆರಳಿನ ಬೆವರಿಗೆ ಸಾಯುವ ಈ ವಸ್ತು ನನ್ನ ತಮ್ಮನ ಮೈಯೊಳಗೆ ರಾಜನಂತೆ ಕೂತಿತ್ತು. ಅದನ್ನು ಉಪ್ಪಿನ ದ್ರಾವಣಗಳ ಜೊತೆ ಬೆರೆಸಿ, ಗಾಜಿನ ಚೂರಿನ ಮೇಲೆ ಹನಿಯಾಗಿ ಇಟ್ಟು, ಬೋರಲು ಹಾಕಿ, ಸುತ್ತಲೂ ಗ್ರೀಸ್ ಹಚ್ಚಿ ಮುಚ್ಚುತ್ತಿದ್ದೆ. ಹನಿ ನಿಧಾನವಾಗಿ ಒಣಗುತ್ತ ಹರಳು ಕಟ್ಟಬೇಕು. ತಿಂಗಳುಗಟ್ಟಲೆ ಕಟ್ಟಲಿಲ್ಲ. ಕೆಲವು ಹನಿಗಳಲ್ಲಿ ಕೆಸರು, ಕೆಲವುಗಳಲ್ಲಿ ಬರೀ ಉಪ್ಪು. ಸಹೋದ್ಯೋಗಿಗಳು ಬೇರೆ ವಿಷಯ ನೋಡು ಎಂದರು. ನಾನು ಮತ್ತೊಂದು ಟ್ರೇ ತೆಗೆದುಕೊಂಡೆ.

ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ಸಣ್ಣ ಕಡ್ಡಿಗಳಂಥ ಹರಳುಗಳು ಕಂಡವು. ಅಂಚು ಚೂಪು, ಒಳಗೆ ಸ್ವಚ್ಛ. ಚೆಂದವಾಗಿದ್ದವು, ಸುಳ್ಳೇಕೆ ಹೇಳಲಿ. ಆ ಚೆಂದಕ್ಕೂ ನನಗೆ ಸಿಟ್ಟು ಬಂತು. ಸಣ್ಣ ಕುಣಿಕೆಯಲ್ಲಿ ಒಂದನ್ನು ಎತ್ತಿ ದ್ರವ ಸಾರಜನಕದ ಚಳಿಯಲ್ಲಿ ಹೆಪ್ಪುಗಟ್ಟಿಸಿ, ಎಕ್ಸ್-ರೇಯ ಎದುರಿಗೆ ನಿಲ್ಲಿಸಿದೆ. ಸಿಕ್ಕ ಚುಕ್ಕೆಗಳ ಚಿತ್ರದಿಂದ ವಾರಗಟ್ಟಲೆ ಲೆಕ್ಕ ಹಾಕಿ ಕೊನೆಗೆ ಅದರ ಆಕಾರವನ್ನು ಪರದೆಯ ಮೇಲೆ ತಂದೆ. ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿದ್ದವು. ಸಿ ಮತ್ತು ಜಿ ಬಿಗಿಯಾಗಿ ಜೋಡಿಯಾಗಿದ್ದವು. ಪ್ರತಿ ಮೂರನೆಯ ಜಾಗದಲ್ಲಿ ಯು ಎದುರಿಗೆ ಯು, ಸರಿಯಾಗಿ ಕೈ ಕೂಡದೆ ಸಡಿಲವಾಗಿ ನಿಂತಿದ್ದವು. ಅಲ್ಲೊಂದು ಸಣ್ಣ ಸಂದು.

ನಾನು ಆ ಸಂದನ್ನು ನೋಡುತ್ತ ಬಹಳ ಹೊತ್ತು ಕೂತೆ. ಇಲ್ಲಿ ಹೊಡೆಯಬಹುದು ಎನ್ನಿಸಿತು. ಈ ಸಂದಿನಲ್ಲಿ ಕೂರುವ ಒಂದು ಸಣ್ಣ ಅಣು ಸಿಕ್ಕರೆ ಹಿಡಿದಿಟ್ಟ ಪ್ರೋಟೀನನ್ನು ಇದು ಬಿಡಲೇಬೇಕು. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಯಾರ ಕೇಡನ್ನೂ ನಾನು ಬಯಸಿರಲಿಲ್ಲ.

ಆದರೆ ಅಣುವಿನ ಮೇಲಿನ ಸೇಡು ನಿಧಾನ. ಇನ್ನೊಂದು ಸೇಡು ತಾನಾಗಿಯೇ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂತಿತು.

ತಮ್ಮನ ವರ್ಷಾಂತಿಕದ ದಿನ. ಡಿಸೆಂಬರಿನ ಚಳಿ. ಬಳಗದವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಅತ್ತೆ ಮಗನ ಜೊತೆ ಬಂದಿದ್ದಳು. ಪೂಜೆ ಮುಗಿದು ಎಲೆ ಹಾಕುವ ಹೊತ್ತು. ಅವಳು ಕೈ ತೊಳೆದು ಬಂದು ನಡುಮನೆಯಲ್ಲಿ ಕೂತು, ನೀರಿನ ತಂಬಿಗೆ ತರುತ್ತಿದ್ದ ಅವ್ವನಿಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಹೆತ್ತದ್ದು ಒಬ್ಬ ಮಗನ್ನ. ಅದೂ ನಿಮ್ಮ ಕಡಿ ರಕ್ತ ತಗೊಂಡು ಬಂತು. ನಮ್ಮ ತಮ್ಮನ ವಂಶ ಮುಗದ ಹೋತು ನೋಡು."

ಅವ್ವ ತಂಬಿಗೆಯನ್ನು ಕೆಳಗಿಟ್ಟಳು. ನಾನು ಬಡಿಸುತ್ತಿದ್ದ ಕೋಸಂಬರಿಯ ಪಾತ್ರೆ ಇಟ್ಟು, ಅತ್ತೆಯ ಎದುರಿಗೆ ಹೋಗಿ ನೆಲದ ಮೇಲೆ ಕೂತೆ. ನನ್ನ ಬಲಗೈಯ ಎರಡು ಬೆರಳು ಮುಂದೆ ಚಾಚಿದೆ.

"ಅತ್ತೀ, ಇದನ್ನ ಹಿಡೀರಿ."

"ಯಾಕ?"

"ಹಿಡೀರಿ, ಗಟ್ಟಿ. ನನ್ನ ಮ್ಯಾಲ ಎಷ್ಟು ಸಿಟ್ಟದ ಅಷ್ಟು ಗಟ್ಟಿ."

ಎಲ್ಲರೂ ನೋಡುತ್ತಿದ್ದರು. ಅವಳು ಸೋಲುವವಳಲ್ಲ. ಹಿಡಿದಳು, ನನಗೆ ನೋಯುವಷ್ಟು.

"ಈಗ ಬಿಡ್ರಿ."

ಅವಳು ಬಿಡಲು ಹೋದಳು. ಬೆರಳುಗಳು ಬಿಡಲಿಲ್ಲ. ಮೊದಲು ಕಿರುಬೆರಳು ನಡುಗುತ್ತ ಎದ್ದಿತು, ಆಮೇಲೆ ಉಳಿದವು ಒಂದರ ಹಿಂದೆ ಒಂದು, ಅಂಟಿನಿಂದ ಬಿಡಿಸಿಕೊಳ್ಳುವಂತೆ. ನಾನು ವಿವರಿಸಬೇಕಾಗಿಯೂ ಇರಲಿಲ್ಲ. ಅಲ್ಲಿದ್ದವರೆಲ್ಲ ಆ ಬೆರಳುಗಳು ಹಾಗೆ ಬಿಚ್ಚುವುದನ್ನು ನನ್ನ ತಮ್ಮನ ಕೈಯಲ್ಲಿ ವರ್ಷಗಟ್ಟಲೆ ನೋಡಿದವರು.

"ಥಂಡಿ ಅದ," ಎಂದಳು ಅತ್ತೆ.

"ಎಲ್ಲಾರಿಗೂ ಥಂಡಿ ಅದರಿ," ಎಂದೆ. ಅವ್ವನ ಕೈಗೆ ಅದೇ ಬೆರಳು ಕೊಟ್ಟೆ. ಅವಳು ಹಿಡಿದಳು, ಬಿಟ್ಟಳು. ಥಟ್ಟನೆ ಬಿಚ್ಚಿತು. "ನೋಡ್ರಿ. ಅವ್ವನ ರಕ್ತದಾಗ ಇದು ಇಲ್ಲ. ಪರೀಕ್ಷಾ ಮಾಡಿಸೀನಿ. ಇದು ಅಪ್ಪನ ರಕ್ತದ್ದು, ನಿಮ್ಮ ರಕ್ತದ್ದು. ನಿಮ್ಮ ಕಣ್ಣಿನ ಪೊರೆನೂ ಇದ. ಜೇಜುರಿ ಮೆಟ್ಟಲಾ ಮೊಣಕಾಲ ಮ್ಯಾಲ ಹತ್ತೂದಿತ್ತಂದ್ರ ನೀವು ಹತ್ತಬೇಕಾಗಿತ್ತು."

ಅತ್ತೆ ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಆಗ ನನ್ನ ಅವ್ವ, ಅಷ್ಟು ವರ್ಷ ಅವಳೆದುರು ದನಿ ಎತ್ತದವಳು, ಹತ್ತಿರ ಬಂದು ನಿಂತು ನನಗೆ ಹೇಳಿದಳು:

"ಇನ್ನೊಮ್ಮೆ ಹಿಡಸು."

"ಅವ್ವಾ..."

"ಇನ್ನೊಮ್ಮೆ ಹಿಡಸು ಅಂದೆ. ನನಗ ಸರಿ ಕಾಣಲಿಲ್ಲ. ಅಕ್ಕಾರ, ಕೈ ಕೊಡ್ರಿ."

ಅತ್ತೆ ಅತ್ತಿತ್ತ ನೋಡಿದಳು, ಯಾರಾದರೂ ಬಿಡಿಸುತ್ತಾರೇನೋ ಎಂದು. ಯಾರೂ ಬರಲಿಲ್ಲ. ಕೈ ಕೊಟ್ಟಳು. ಎರಡನೆಯ ಸಲ ಬೆರಳುಗಳು ಸ್ವಲ್ಪ ಬೇಗ ಬಿಚ್ಚಿದವು. ಈ ಕಾಯಿಲೆಯಲ್ಲಿ ಹಾಗೆಯೇ, ಬಳಸಿದಷ್ಟು ಸಡಿಲವಾಗುತ್ತವೆ. ಅವ್ವನಿಗೆ ಅದು ಸಾಲದೆನಿಸಿತು. ಆದರೂ ಬಗ್ಗಿ, ಕೊನೆಯ ಬೆರಳು ನೆಟ್ಟಗಾಗುವವರೆಗೂ ನೋಡಿದಳು. ಆಮೇಲೆ ನೆಟ್ಟಗೆ ನಿಂತು, "ಊಟಕ್ಕ ಏಳ್ರಿ ಎಲ್ಲಾರೂ," ಎಂದಳು. ಅಂದು ಬಡಿಸಿದಷ್ಟು ಧಾರಾಳವಾಗಿ ಅವ್ವ ಎಂದೂ ಬಡಿಸಿರಲಿಲ್ಲ. ಅತ್ತೆಯ ಎಲೆಗೂ ಎರಡು ಸಲ ತುಪ್ಪ ಹಾಕಿದಳು.

ಅಂದು ನನಗೆ ದುಃಖವಾಯಿತೇ ಎಂದು ಒಬ್ಬ ಗೆಳತಿ ಕೇಳಿದ್ದಳು. ಇಲ್ಲ. ಹೊಟ್ಟೆ ತುಂಬ ಉಂಡು ಚೆನ್ನಾಗಿ ನಿದ್ದೆ ಮಾಡಿದೆ.

ಹದಿನೈದು ದಿನದೊಳಗೆ ಅತ್ತೆಯ ಮಗ, ದಾದಾ, ಒಬ್ಬನೇ ನನ್ನ ಲ್ಯಾಬಿನ ಗೇಟಿಗೆ ಬಂದ. ನನಗಿಂತ ದೊಡ್ಡವನು, ಚಿಂಚವಾಡದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಚಹಾದಂಗಡಿಯಲ್ಲಿ ಕೂತೆವು. ಅವನು ಕಪ್ ಹಿಡಿದ ಕೈಯನ್ನೇ ನೋಡುತ್ತಿದ್ದ.

"ಮುಂಜಾನೆ ಗಾಡಿ ಬ್ರೇಕ್ ಹಿಡದ್ರ ನಂದೂ ಹಿಂಗ ಆಗ್ತದ," ಎಂದ. "ನೀ ಮೊದಲ ಆಯಿಗೆ ಫೋನ್ ಮಾಡಿದ್ದೆಂತಲ್ಲ?"

"ಮಾಡಿದ್ದೆ. ನಿನಗ ಹೇಳ್ರಿ ಅಂತ ಹೇಳಿದ್ದೆ."

ಅವನು ತಲೆ ಅಲ್ಲಾಡಿಸಿದ. ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತದಲ್ಲಿ ಇತ್ತು. ಹೃದಯದ ಬಡಿತ ಆಗಲೇ ತಪ್ಪುತ್ತಿತ್ತು. ವಾರ ಕಳೆಯುವುದರೊಳಗೆ ಅವನ ಎದೆಯ ಚರ್ಮದಡಿ ಪೇಸ್‌ಮೇಕರ್ ಕೂತಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅದನ್ನು ಕೇಳುವಾಗ ನನಗಾದದ್ದು ಸಮಾಧಾನವಲ್ಲ. ನನ್ನ ತಮ್ಮನಿಗೆ ಸಿಗದದ್ದು ಅವಳ ಮಗನಿಗೆ ಸಿಕ್ಕಿತ್ತು, ಅದೂ ನನ್ನ ಕೈಯಿಂದ. ದಾದಾ ಒಳ್ಳೆಯವನು, ಅವನು ಬದುಕಲಿ. ಆದರೆ ಅವಳಿಗೆ ಮಗ ಉಳಿದನೆಂಬುದನ್ನು ನಾನು ಇನ್ನೂ ನುಂಗಿಕೊಂಡಿಲ್ಲ.

ಲ್ಯಾಬಿನಲ್ಲಿ ಕೆಲಸ ನಡೆದಿದೆ. ಆ ಸಂದಿನಲ್ಲಿ ಕೂರಬಹುದಾದ ಸಣ್ಣ ಅಣುಗಳನ್ನು ಹರಳಿನೊಳಗೆ ಸೇರಿಸಿ ನೋಡುತ್ತಿದ್ದೇವೆ. ಹೆಚ್ಚಿನವು ಕೂರುವುದಿಲ್ಲ. ಒಂದು ಕೂತಿದೆ. ಎದುರುಬದುರಿನ ಎರಡು 'ಯು' ಅಕ್ಷರಗಳ ನಡುವೆ ಬೆಣೆಯಂತೆ ತೂರಿಕೊಂಡಿರುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಔಷಧವಾಗಲು ಅದು ಇನ್ನೂ ಬಹಳ ದೂರ ಹೋಗಬೇಕು, ಬಹುಶಃ ಆಗಲಿಕ್ಕೂ ಇಲ್ಲ. ನಾನು ಆ ಚಿತ್ರವನ್ನು ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದೇನೆ.

ಕಳೆದ ತಿಂಗಳು ದಾದಾ ಮನೆಗೆ ಬಂದ. ಅತ್ತೆ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಾಳಂತೆ, ಅವ್ವನನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಾಳಂತೆ.

"ಏನಂತ? ತಪ್ಪಾತು ಅಂತಾಳೇನು?" ಎಂದು ಕೇಳಿದಳು ಅವ್ವ.

ದಾದಾ ಸುಳ್ಳು ಹೇಳಲಾರ. "ಹಂಗೇನೂ ಅಂದಿಲ್ಲ ಮಾಮಿ. ಬಾ ಅಂದಾಳ."

ಅವ್ವ ಮೊರದಲ್ಲಿ ಹರಡಿದ್ದ ಕಡಲೆಬೇಳೆಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ನನಗ ಮನಿಯಾಗ ಕೆಲಸ ಅದಪ್ಪಾ," ಎಂದಳು. "ನೀ ಚಹಾ ಕುಡದು ಹೋಗು."

ಅವಳನ್ನು ಒಪ್ಪಿಸುವಂತೆ ದಾದಾ ನನ್ನ ಕಡೆ ನೋಡಿದ. ನಾನು ಚಹಾ ಇಡಲು ಒಳಗೆ ಹೋದೆ.